ಪುಟ್ಟಚೌಡಮ್ಮ ಕಂಬೈನ್ಸ್‌ಗೆ ಕೊಡದ ನೀರು

ಹೋದ ವಾರ ಕೋಳಿಗೂಡಿನ ಬಾಗಿಲು ಕಿತ್ತುಬಂತು. ರಿಪೇರಿ ಮಾಡೋಣವೆಂದು ಹಲಗೆಯನ್ನು ತಿರುಗಿಸಿ ನೋಡಿದರೆ, ಒಳಮಗ್ಗುಲಲ್ಲಿ ಹಿಕ್ಕೆಯ ಕೆಳಗೆ ಬಿಳಿ ಬಣ್ಣದ ಅಕ್ಷರಗಳು. ತೆಂಗಿನ ನಾರು ಹಾಕಿ ಉಜ್ಜಿದೆ. ‘ಪುಟ್ಟಚೌಡಮ್ಮ ಕಂಬೈನ್ಸ್’ ಎಂದಿತ್ತು. ಸಿನಿಮಾ ತೆಗೆಯುವಾಗ ಕ್ಯಾಮೆರಾದ ಮುಂದೆ ಹಿಡಿದು ಟಪ್ ಎನ್ನಿಸುತ್ತಾರಲ್ಲ, ಆ ಹಲಗೆ. ನಾಲ್ಕು ವರ್ಷದಿಂದ ನನ್ನ ಕೋಳಿಗಳನ್ನು ಕಾಡುಬೆಕ್ಕಿನಿಂದ ಕಾಪಾಡಿದ್ದು ಅದೇ. ಆ ಕಂಪನಿ ಮಾಡಿದ ಕೆಲಸಗಳಲ್ಲಿ ಬಾಳಿಕೆ ಬಂದದ್ದು ಇದೊಂದೇ ಎಂದರೆ ನನ್ನ ತಮ್ಮನಿಗೆ ಸಿಟ್ಟು ಬರುತ್ತದೆ. ಬರಲಿ.

ಪುಟ್ಟಚೌಡಮ್ಮ ಎಂದರೆ ನಮ್ಮ ಅವ್ವ. ಅವಳು ಹಾಸನದ ಕಡೆಯಿಂದ ಮದುವೆಯಾಗಿ ಈ ಕಾಫಿ ಸೀಮೆಗೆ ಬಂದವಳು. ಜೀವಮಾನದಲ್ಲಿ ನೋಡಿದ್ದು ಒಂದೇ ಸಿನಿಮಾ, ಅದೂ ಅರ್ಧ. ಹೀರೋ ಅಳುವುದಕ್ಕೆ ಶುರುಮಾಡಿದ ಕೂಡಲೇ, “ಇವನ ಅಳು ಕೇಳಕ್ಕೆ ನಾನು ಬಸ್ ಚಾರ್ಜ್ ಕೊಟ್ಟು ಬರ್ಬೇಕಿತ್ತಾ?” ಎಂದು ಎದ್ದು ಹೊರಗೆ ಬಂದು, ಮಿಕ್ಕವರು ಬರುವ ತನಕ ಥಿಯೇಟರಿನ ಮೆಟ್ಟಿಲ ಮೇಲೆ ಕುಳಿತು ಅವರೆಕಾಯಿ ಸುಲಿದಳಂತೆ. ಅಂಥವಳ ಹೆಸರನ್ನು ಸಿನಿಮಾ ಕಂಪನಿಗೆ ಇಟ್ಟವನು ನನ್ನ ತಮ್ಮ ಸೋಮ.

ಸೋಮ ಜೀಪ್ ಓಡಿಸುತ್ತಿದ್ದ. ಕಾಫಿ ಹಣ್ಣು ಕುಯ್ಯುವ ಪಿಕ್ಕಿಂಗ್ ಕಾಲದಲ್ಲಿ ಚೆಟ್ಟಳ್ಳಿ ಸುತ್ತಿನ ತೋಟಗಳಿಗೆ ಕೆಲಸದವರನ್ನು ಸಾಗಿಸುವುದು, ಉಳಿದ ದಿನಗಳಲ್ಲಿ ಪ್ರವಾಸಿಗಳನ್ನು ಕಕ್ಕಬೆ ಕಡೆಯ ಬೆಟ್ಟಗಳಿಗೆ ಹತ್ತಿಸುವುದು. ಬೆಂಗಳೂರಿನ ಸಿನಿಮಾದವರು ಬಂದಾಗ ಅವರಿಗೆ ಜಾಗ ತೋರಿಸುವುದೂ ಅವನೇ. ಹೀಗೆ ಜಾಗ ತೋರಿಸಿ ತೋರಿಸಿ ಅವನಿಗೆ ಆಸೆ ಹುಟ್ಟಿತು. ಒಂದು ದಿನ ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ.

“ಅಕ್ಕ, ಅವ್ರು ಬತ್ತಾರೆ, ಹಾಡು ತೆಗಿತಾರೆ, ಹೋಯ್ತಾರೆ. ಇಲ್ಲಿ ಬದುಕೋರನ್ನ ಒಬ್ರಾದ್ರೂ ತೆಗ್ದಿದ್ದಾರಾ? ನಾವೇ ತೆಗಿಯಣ ಅಂತ.”

“ತೆಗಿ. ಮೊದ್ಲು ನಿನ್ ಜೀಪಿಗೆ ಹಿಂದಿನ ಬಾಗ್ಲು ಹಾಕ್ಸು. ಹಗ್ಗ ಕಟ್ಕೊಂಡು ಓಡಾಡ್ತಿದ್ದೀಯ.”

ಅವನ ಜೊತೆ ಸೇರಿದವನು ರಜಾಕ್, ಸುಂಟಿಕೊಪ್ಪದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವನು. ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಎಲ್ಲ ಭಾಷೆ. ಈ ಕಡೆಯ ಎಲ್ಲ ಜನರ ಮದುವೆಗೂ ಕ್ಯಾಮೆರಾ ಹಿಡಿದಿದ್ದ. ಯಾರ ಮದುವೆಯಲ್ಲಿ ಯಾರು ಯಾವ ಹೊತ್ತಿಗೆ ಅಳುತ್ತಾರೆ ಎನ್ನುವುದು ಅವನಿಗೆ ಬಾಯಿಪಾಠ. ನಮ್ಮ ಕಣದ ಪಕ್ಕದಲ್ಲಿ ಕಾಫಿ ಚೀಲ ಪೇರಿಸುವ ಕೋಣೆಯೇ ಕಂಪನಿಯ ಆಫೀಸಾಯಿತು. ಜೀಪಿನ ಎರಡೂ ಬದಿಗೆ ಅವ್ವನ ಹೆಸರು ಬರೆಸಿದರು. ಹಿಂದಿನ ಬಾಗಿಲು ಮಾತ್ರ ಹಗ್ಗದಲ್ಲೇ ಇತ್ತು.

ಮೊದಲನೆಯ ಸಿನಿಮಾ, ತೋಟದ ಕೆಲಸದವರಿರುವ ಲೈನ್‌ಮನೆಯ ಹೆಂಗಸೊಬ್ಬಳು ಕಳೆದುಹೋದ ಮೂಗುತಿ ಹುಡುಕುವ ಕಥೆ. ಎರಡು ಗಂಟೆ ಹುಡುಕುತ್ತಾಳೆ. ನಾನಾಗಿದ್ದರೆ ಕಣ ಗುಡಿಸಿ ಜರಡಿ ಹಿಡಿದು ಹತ್ತು ನಿಮಿಷದಲ್ಲಿ ಹುಡುಕುತ್ತಿದ್ದೆ. ನಮ್ಮಲ್ಲಿ ಕಾಫಿ ಕುಯ್ಯಲು ಬರುತ್ತಿದ್ದ ಸೆಲ್ವಿಯೇ ಅದರಲ್ಲಿ ನಾಯಕಿ. ಎರಡನೆಯ ದಿನವೇ ಅವಳು ನನ್ನ ಹತ್ತಿರ ದೂರು ತಂದಳು.

“ಅಮ್ಮಾ, ಇವ್ರು ಅದೇ ಗಿಡದಲ್ಲಿ ಐದು ಸಲ ಹಣ್ಣು ಕುಯ್ಯಿ ಅಂತಾರೆ. ಒಂದ್ಸಲ ಕುಯ್ದ್ ಮೇಲೆ ಹಣ್ಣು ಎಲ್ಲಿಂದ ಬರ್ಬೇಕು? ಇವ್ರ ಅಪ್ಪ ಇಡ್ತಾನಾ?”

ನನಗೂ ಒಂದು ಪಾರ್ಟು ಕೊಟ್ಟಿದ್ದರು. ಕೊಡ ಹಿಡಿದು ಅಂಗಳ ದಾಟುವುದು, ಅಷ್ಟೇ. ನೀವು ನಗಬೇಡಿ, ಆ ಅಂಗಳವನ್ನು ದಿನಕ್ಕೆ ಇಪ್ಪತ್ತು ಸಲ ದಾಟುವವಳು ನಾನು. ಕ್ಯಾಮೆರಾ ಇಟ್ಟ ಕೂಡಲೇ ನಡೆಯುವುದೇ ಮರೆತುಹೋಯಿತು. ಯಾವ ಕಾಲು ಮೊದಲು ಎಂದು ಯೋಚನೆ ಬಂತು. “ಅಕ್ಕಾ, ನನ್ನನ್ನ ನೋಡ್ಬೇಡಿ” ಎಂದು ರಜಾಕ್ ಹೇಳಿದಷ್ಟೂ ಅವನನ್ನೇ ನೋಡಿದೆ. ಕೊನೆಗೆ ನನ್ನ ಬೆನ್ನು ಮಾತ್ರ ತೆಗೆದರು. ಬೆನ್ನು ಚೆನ್ನಾಗಿ ನಟಿಸಿದೆ ಎಂದು ನೋಡಿದವರು ಹೇಳಿದರು.

ಆ ಸಿನಿಮಾ ಕುಶಾಲನಗರದಲ್ಲಿ ಒಂದು ವಾರ ಓಡಿತು. ಹೊರರಾಜ್ಯದಲ್ಲೆಲ್ಲೋ ಪ್ರಶಸ್ತಿ ಬಂತು. ದೂರದ ಕುಟ್ಟದಿಂದಲೂ ಜನ ಕರೆದು ಸೋಮನಿಗೆ ಶಾಲು ಹೊದಿಸಿದರು. ಜೀಪು ಎಲ್ಲಿ ನಿಂತರೂ ಜನ ಬಂದು ಮಾತಾಡಿಸುತ್ತಿದ್ದರು. ನನಗೂ ಸಂತೋಷವಾಗಿತ್ತು. ಅದನ್ನು ಅವನಿಗೆ ಹೇಳಲಿಲ್ಲ, ಒಂದು ದಿನ ನಾಟಿಕೋಳಿ ಸಾರು ಮಾಡಿದೆ. ನಮ್ಮ ಮನೆಯಲ್ಲಿ ಹೇಳುವುದೆಂದರೆ ಹಾಗೆಯೇ.

ಎರಡನೆಯ ಸಿನಿಮಾಕ್ಕೆ ಬೆಂಗಳೂರಿನಿಂದ ಹೀರೋ ಬೇಕೆಂದರು. ಸೆಲ್ವಿ ಸಾಲದೇ ಎಂದು ಕೇಳಿದೆ. ದೊಡ್ಡ ಥಿಯೇಟರುಗಳಿಗೆ ಹೋಗಬೇಕಾದರೆ ಗೊತ್ತಿರುವ ಮುಖ ಬೇಕಂತೆ. ಕಥೆಯ ಕೊನೆ ಕಾಫಿ ಹೂವಿನ ನಡುವೆ ನಡೆಯುತ್ತದೆ, ತೋಟ ಪೂರ್ತಿ ಬೆಳ್ಳಗಿರಬೇಕು, ಆ ಹೂವಿಗಾಗಿಯೇ ಇಡೀ ಕಥೆ ಎಂದ ಸೋಮ. ಅವನ ಆಸೆಯೆಲ್ಲ ಆ ಒಂದು ದೃಶ್ಯದಲ್ಲಿತ್ತು.

ಕಾಫಿ ಬೆಳೆಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬೇಸಿಗೆಯ ಶುರುವಿಗೆ ಗಿಡದ ತುಂಬ ಮೊಗ್ಗು ಕಚ್ಚಿಕೊಂಡು ಸುಮ್ಮನೆ ಕುಳಿತಿರುತ್ತದೆ. ಮಳೆ ಬಿದ್ದರೆ, ಇಲ್ಲವೇ ನಾವೇ ಸ್ಪ್ರಿಂಕ್ಲರ್ ಹಾಕಿ ನೀರು ಕೊಟ್ಟರೆ, ಎಂಟೊಂಬತ್ತು ದಿನಕ್ಕೆ ಒಟ್ಟಿಗೆ ಅರಳುತ್ತದೆ. ಮೂರು ದಿನ ಇದ್ದು ಕಂದಿಹೋಗುತ್ತದೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೂವಾಗಿ ಎರಡು ಮೂರು ವಾರದೊಳಗೆ ಇನ್ನೊಂದು ನೀರು ಬೇಕು. ಬ್ಯಾಕಿಂಗ್ ಎನ್ನುತ್ತೇವೆ. ಅದು ಸಿಗದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಆ ವರ್ಷದ ಬೆಳೆ ಹೋದಂತೆ.

ನನ್ನ ತೋಟ ಎರಡು ತುಂಡು, ಕೆಳಗಿನ ತಾಕು ಒಂದು, ಮೇಲಿನ ತಾಕು ಒಂದು, ನಡುವೆ ಒಂದು ಕೆರೆ. ಆ ವರ್ಷ ಕೆರೆಯಲ್ಲಿ ಎರಡು ಸಲಕ್ಕಾಗುವಷ್ಟೇ ನೀರಿತ್ತು. ಕೆಳಗಿನ ತಾಕಿಗೆ ಹೂವಿಗೊಂದು ಸಲ, ಬ್ಯಾಕಿಂಗ್‌ಗೊಂದು ಸಲ. ಮೇಲಿನ ತಾಕು ಮಳೆಯನ್ನು ನಂಬಿಕೊಂಡು ಮೊಗ್ಗಿನಲ್ಲೇ ಇರಲಿ ಎಂದುಕೊಂಡಿದ್ದೆ.

ಹೀರೋ ಬರುವ ದಿನವನ್ನು ಸೋಮ ಹೇಳಿದ. ಬೆರಳಲ್ಲಿ ಹಿಂದಕ್ಕೆ ಎಣಿಸಿ ಕೆಳಗಿನ ತಾಕಿಗೆ ನೀರು ಬಿಟ್ಟೆ. ಹೇಳಿದ ದಿನಕ್ಕೆ ಹೂವು ಬಂತು, ಹೀರೋ ಬರಲಿಲ್ಲ. ಬೇರೆ ಸಿನಿಮಾದ ಕೆಲಸ ಮುಗಿಯಲಿಲ್ಲವಂತೆ. ಸೋಮ ಮೂರು ದಿನವೂ ಆ ಹೂವಿನ ನಡುವೆ ಫೋನು ಹಿಡಿದು ಓಡಾಡಿದ. ನಾಲ್ಕನೆಯ ದಿನ ಹೂವು ಕಂದಿತು. ಅದಾದ ಮೇಲೆ ಹೀರೋ ಬಂದ, ಹತ್ತು ದಿನ ಇರುತ್ತೇನೆಂದ. ಅಕ್ಕಪಕ್ಕದ ತೋಟಗಳಲ್ಲೂ ನೀರಿದ್ದವರ ಹೂವು ಮುಗಿದಿತ್ತು, ಇಲ್ಲದವರದು ಮೊಗ್ಗಿನಲ್ಲೇ ಇತ್ತು.

ಅವತ್ತು ಸಂಜೆ ಸೋಮ ಅಡುಗೆಮನೆಗೇ ಬಂದ.

“ಅಕ್ಕ, ಮೇಲಿನ ತಾಕಿಗೆ ನಾಳೆ ನೀರ್ ಬಿಟ್ರೆ ಒಂಬತ್ತನೇ ದಿನಕ್ಕೆ ಹೂವಾಗುತ್ತೆ. ಅವ್ರು ಹತ್ತು ದಿನ ಇರ್ತಾರೆ.”

“ಕೆಳಗಿನದಕ್ಕೆ ಬ್ಯಾಕಿಂಗು?”

“ಅಷ್ಟೊತ್ತಿಗೆ ಮಳೆ ಬರುತ್ತೆ.”

“ಬರ್ತೀನಿ ಅಂತ ಮಳೆ ನಿನ್ಗೆ ಫೋನ್ ಮಾಡಿತ್ತಾ? ನಿನ್ ಹೀರೋನೂ ಬರ್ತೀನಿ ಅಂತಾನೇ ಫೋನ್ ಮಾಡಿದ್ದು.”

“ಅಕ್ಕ, ಈ ಒಂದ್ ಸಲ.”

“ಆಗಲ್ಲ ಕಣೋ. ಹೋಗು, ಕೈ ತೊಳ್ಕೊ, ಊಟ ಬಡಿಸ್ತೀನಿ.”

ಅವನು ಕೈ ತೊಳೆಯಲಿಲ್ಲ. ಜೀಪು ಹತ್ತಿ ಹೋದ.

ಆಮೇಲೆ ಅವರು ಕಾಗದದ ಹೂವು ಮಾಡಿದರು. ಸೆಲ್ವಿಯೂ ಲೈನ್‌ಮನೆಯ ಹೆಂಗಸರೂ ನನ್ನ ಕಣದಲ್ಲಿ ಕುಳಿತು ಎರಡು ದಿನ ಕಾಗದ ಕತ್ತರಿಸಿ ರೆಂಬೆಗಳಿಗೆ ದಾರದಲ್ಲಿ ಕಟ್ಟಿದರು. ಬೆಳಗಿನ ಇಬ್ಬನಿಗೆ ಅರ್ಧ ಹೂವು ಮುದ್ದೆಯಾಗಿ ಜೋತುಬಿದ್ದವು. ಹೀರೋ ಅವುಗಳ ನಡುವೆ ನಿಂತು ಅತ್ತ. ಚೆನ್ನಾಗಿಯೇ ಅತ್ತ, ಸುಳ್ಳು ಹೇಳಬಾರದು. ಹೂವಿನ ಮೇಲೆ ಕೂರಲು ಒಂದು ಜೇನುಹುಳವೂ ಬರಲಿಲ್ಲ.

ಅವನ ಕಾರು ಹೋದ ಎರಡನೆಯ ದಿನ ಮಧ್ಯಾಹ್ನ ಮಳೆ ಬಂತು. ಅಂಥಿಂಥ ಮಳೆಯಲ್ಲ, ಒಂದೂವರೆ ಗಂಟೆ ಹೊಡೆಯಿತು. ಕೆಳಗಿನ ತಾಕಿಗೆ ತಾನಾಗಿಯೇ ಬ್ಯಾಕಿಂಗ್ ಆಯಿತು. ಎಂಟು ದಿನ ಕಳೆದು ಮೇಲಿನ ತಾಕು, ಅದರಾಚೆಯ ಗುಡ್ಡ, ಅದರಾಚೆಯವರ ತೋಟ ಎಲ್ಲ ಬೆಳ್ಳಗಾಯಿತು. ವಾಸನೆಗೆ ತಲೆ ನೋಯುವಷ್ಟು ಹೂವು. ನಾನು ಯಾರಿಗೂ ಕೊಡದೆ ಇಟ್ಟುಕೊಂಡ ನೀರು ಕೆರೆಯಲ್ಲಿ ಹಾಗೆಯೇ ನಿಂತಿತ್ತು. ಮಳೆಯ ನೀರೂ ಸೇರಿ ಇನ್ನೂ ಒಂದು ಮೊಳ ಏರಿತ್ತು.

ಸಿನಿಮಾ ಬಿಡುಗಡೆಯಾಯಿತು. ಕೊನೆಯ ದೃಶ್ಯ ಬಂದಾಗ ಕುಶಾಲನಗರದ ಜನ ನಕ್ಕರು. ಬೆಂಗಳೂರಿನವರು ಮೋಸಹೋಗಬಹುದು, ಕಾಫಿ ಹೂವಿನ ಬಗ್ಗೆ ನಮ್ಮವರಿಗೆ ಸುಳ್ಳು ಹೇಳಲಾಗುವುದಿಲ್ಲ. ಎರಡೇ ದಿನಕ್ಕೆ ಥಿಯೇಟರಿನಿಂದ ತೆಗೆದರು. ಕಂಪನಿ ಮುಳುಗಿದ್ದು ಅದೊಂದರಿಂದಲೇ ಎಂದು ನಾನು ಹೇಳುವುದಿಲ್ಲ. ಕಥೆಯ ವಿಷಯಕ್ಕೆ ಸೋಮನಿಗೂ ರಜಾಕ್‌ಗೂ ಮೊದಲೇ ಜಗಳವಿತ್ತು, ಹೀರೋನ ತಾರೀಕಿನ ಕಥೆ ಬೇರೆ. ಹಾಗೆಂದು ಆ ನಗುವಿನಲ್ಲಿ ನನ್ನ ಪಾಲಿಲ್ಲ ಎನ್ನಲೂ ಬಾಯಿ ಬರುವುದಿಲ್ಲ. ರಜಾಕ್ ಮದುವೆಗಳಿಗೆ ವಾಪಸಾದ. ಸೋಮ ನಮ್ಮ ಅಂಗಳದಲ್ಲೇ ಜೀಪು ನಿಲ್ಲಿಸಿ, ಸೀಮೆಎಣ್ಣೆ ಬಟ್ಟೆಯಿಂದ ಅವ್ವನ ಹೆಸರು ಒರೆಸಿದ. ನಾನು ಒಳಗಿದ್ದೆ. ಹೊರಗೆ ಬರಲಿಲ್ಲ.

ಆಮೇಲೂ ಅವನು ನಮ್ಮನೆಗೆ ಬರುವುದು ಬಿಡಲಿಲ್ಲ. ಹಬ್ಬಕ್ಕೆ ಬಂದ, ಉಂಡ, ನಕ್ಕ. ನೀರಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ನಾನು ಮಾಡಿದ್ದು ಸರಿ ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಸರಿಯಾದದ್ದನ್ನು ಅಷ್ಟು ಸಲ ಯಾಕೆ ಹೇಳಿಕೊಳ್ಳಬೇಕು ಎನ್ನುವುದೇ ತಿಳಿಯದು.

ಈ ಭಾನುವಾರ ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಸರಿಮಾಡಲು ಸೋಮ ಬಂದಿದ್ದ. ಸ್ಪ್ಯಾನರ್ ತಿರುಗಿಸುತ್ತಾ, ತಲೆ ಎತ್ತದೆ ಕೇಳಿದ.

“ಅಕ್ಕ, ಅವತ್ತು ಮಳೆ ಬರುತ್ತೆ ಅಂತ ಗೊತ್ತಿದ್ದಿದ್ರೆ ನೀರ್ ಬಿಡ್ತಿದ್ಯಾ?”

“ಗೊತ್ತಿದ್ರೆ ಯಾರ್ ಬೇಕಾದ್ರೂ ಬಿಡ್ತಾರೆ. ಅದೇನ್ ದೊಡ್ ವಿಷ್ಯ?”

ಅವನ ಬಾಯಿ ಮುಚ್ಚಿಸಲೆಂದೇ ಹೇಳಿದ್ದು. ಹೇಳಿ ಮುಗಿಸಿದ ಮೇಲೆ ಅದು ನನಗೇ ತಾಗಿತು, ಗೊತ್ತಿಲ್ಲದೆ ಬಿಡುವುದಲ್ಲವೇ ದೊಡ್ಡ ವಿಷಯ. ಅವನು “ಹೂಂ” ಎಂದು ಇನ್ನೊಂದು ಸುತ್ತು ಬಿಗಿ ಮಾಡಿದ. ನಾನು ಕೆರೆಯ ಕಡೆ ನೋಡಿದೆ. ಈ ಸಲವೂ ತುಂಬಿಲ್ಲ.

“ಮೇಲಿನ ತಾಕಿಗೆ ಯಾವತ್ತು ಬಿಡ್ಲಿ?” ಎಂದು ಕೇಳಿದೆ.

“ನನ್ನ್ಯಾಕೆ ಕೇಳ್ತೀಯ? ತೋಟ ನಿಂದು.”

“ಕೇಳ್ದೋರಿಗೆ ಹೇಳು.”

ಅವನು ಸ್ಪ್ಯಾನರ್ ಕೆಳಗಿಟ್ಟು, ನನ್ನ ಮುಖ ನೋಡಿ, ಬೆರಳಲ್ಲಿ ಎಣಿಸಿದ.

“ಗುರುವಾರ ಬಿಟ್ರೆ ಮುಂದಿನ ಶುಕ್ರವಾರಕ್ಕೆ ಅರಳುತ್ತೆ. ರಜಾಕ್‌ಗೆ ಅವತ್ತು ಯಾವ ಮದ್ವೆನೂ ಇಲ್ಲ.”

ನಾನಾಗಿದ್ದರೆ ಇನ್ನೂ ಹತ್ತು ದಿನ ಕಾಯುತ್ತಿದ್ದೆ. ಈವತ್ತು ಗುರುವಾರ. ಬೆಳಿಗ್ಗೆ ಆರಕ್ಕೆ ಮೋಟಾರು ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.