ಎರಡು ಟೋಪಿಯವಳ ಜಡೆ

ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ನಮ್ಮ ಚಿಕ್ಕಮ್ಮನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ‘ಎರಡು ಟೋಪಿ’. ಬಿಸ್ಕತ್ತಿಗೆ ಕೂದಲು ಬೀಳಬಾರದೆಂದು ಒಳಗೆ ಹೋಗುವವರೆಲ್ಲ ಬಲೆಯ ಟೋಪಿ ಹಾಕಿಕೊಳ್ಳಬೇಕು. ಚಿಕ್ಕಮ್ಮನ ತುರುಬು ಒಂದು ಟೋಪಿಗೆ ಬಗ್ಗುವಂಥದ್ದಲ್ಲ, ತಲೆಗೊಂದು, ತುರುಬಿಗೊಂದು. “ನಿನಗೆ ಎರಡು ಕೊಟ್ರೆ ಉಳಿದವರು ಕೇಳಲ್ವೇನಮ್ಮಾ?” ಎಂದು ಸೂಪರ್‌ವೈಸರ್ ಗೊಣಗಿದರೆ, “ಕೇಳಿದವರಿಗೆ ಇಷ್ಟು ಕೂದಲೂ ಕೊಟ್ಟುಬಿಡಿ ಸಾರ್” ಎನ್ನುತ್ತಿದ್ದಳು.

ಅಂಥ ಕೂದಲನ್ನು ಅವಳ ಓರಗಿತ್ತಿ ಕತ್ತರಿಸಿ ಹಾಕಿದಳು. ಓರಗಿತ್ತಿ ಎಂದರೆ ಚಿಕ್ಕಪ್ಪನ ಅಣ್ಣನ ಹೆಂಡತಿ. ಆ ಹೆಂಗಸಿನ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುತ್ತದೆಂದು ಯಾರೂ ಕಾಯಬೇಡಿ.

ಎರಡೂ ಸಂಸಾರಗಳು ಒಂದೇ ಕಟ್ಟಡದಲ್ಲಿದ್ದವು. ಇವರು ಕೆಳಗೆ, ಅವರು ಮೇಲೆ. ಚಿಕ್ಕಮ್ಮ ವಿಷಮಶೀತ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಓರಗಿತ್ತಿ ನೋಡಿಕೊಳ್ಳುತ್ತೇನೆಂದು ಇಳಿದು ಬಂದಳು. ನಿಜವಾಗಿ ನೋಡಿಕೊಂಡವಳು ಅವಳ ಮಗಳು. ಚಿಕ್ಕಮ್ಮನಿಗೆ ಮಕ್ಕಳಿಲ್ಲ, ಆ ಹುಡುಗಿ ಬೆಳೆದದ್ದೆಲ್ಲ ಇವಳ ಮಡಿಲಲ್ಲೇ. ಜ್ವರ ಬಿಟ್ಟು ಎದ್ದ ಚಿಕ್ಕಮ್ಮ ಬೆನ್ನ ಹಿಂದೆ ಕೈ ಹಾಕಿದರೆ ಜಡೆಯೇ ಇಲ್ಲ.

“ಸಿಕ್ಕು ಬಿಡಿಸೋಕೆ ಆಗ್ಲಿಲ್ಲ ಕಣೇ. ಜೀವ ಮುಖ್ಯ ಅಲ್ವಾ?” ಎಂದಳು ಓರಗಿತ್ತಿ.

ಚಿಕ್ಕಮ್ಮ ನಂಬಿದಳು, ಥ್ಯಾಂಕ್ಸ್ ಬೇರೆ ಹೇಳಿದಳು! ಆಮೇಲೊಂದು ಮದುವೆಗೆ ಹೋದಾಗ ನೋಡಿದರೆ, ಇಲಿಬಾಲದಂಥ ಜಡೆಯ ಓರಗಿತ್ತಿಗೆ ಸೊಂಟ ದಾಟುವ ದಪ್ಪ ಜಡೆ ಬಂದಿದೆ. ಚೌರಿ. ತುದಿಯಲ್ಲಿ ಕೆಂಚು ಹೊಡೆದ ತನ್ನ ಕೂದಲನ್ನು ಹಿಂದಿನ ಕುರ್ಚಿಯಲ್ಲಿ ಕೂತ ಚಿಕ್ಕಮ್ಮ ಗುರುತು ಹಿಡಿದಳು.

“ಅಕ್ಕಾ, ಇದು ನಂದಲ್ವಾ?”

“ಕತ್ತರಿಸಿದ ಮೇಲೆ ಅದು ಕಸ ತಾನೆ? ಕಸಾನೂ ವಾಪಸ್ ಕೇಳ್ತೀಯಾ?”

ಸುತ್ತಲಿದ್ದವರು ನಕ್ಕರು. ಚಿಕ್ಕಮ್ಮ ಊಟಕ್ಕೂ ನಿಲ್ಲದೆ ನಮ್ಮ ಮನೆಗೆ ಬಂದು ನಮ್ಮಮ್ಮನೆದುರು ಕೂತು, “ಅವಳ ತಲೆ ಬೋಳಾಗೋದನ್ನ ನಾನು ಕಣ್ಣಾರೆ ನೋಡ್ಬೇಕು” ಎಂದಳು. ಅಷ್ಟು ಹೇಳಿ ಎದ್ದು ಮುಖ ತೊಳೆಯಲು ಹೋದಳು. ಅವಳು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ವರ್ಷಗಳು ಹೋದವು, ಜಡೆ ಮತ್ತೆ ಬಂತು. ರಜೆಯ ದಿನ ಚಿಕ್ಕಮ್ಮ ಬೇಕೆಂದೇ ಮೆಟ್ಟಿಲಿನ ಬುಡದಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದಳು, ಮೇಲಿನವರು ಅವಳನ್ನು ದಾಟದೆ ಹೊರಗೆ ಹೋಗುವಂತಿರಲಿಲ್ಲ. ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಬುಡಕ್ಕೆ ಇಳಿಯುವಂತೆ ತಿಕ್ಕಿ ತಿಕ್ಕಿ ಹಚ್ಚುವುದು. ಆ ಅಂಟು ಹೋಗುವವರೆಗೆ ಉಜ್ಜಿ ತೊಳೆಯುವುದು. ಕೂದಲನ್ನು ನಾಲ್ಕು ಪಾಲು ಮಾಡಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಬರುವುದು. ಪೂರ್ತಿ ಒಣಗಲು ಬಿಟ್ಟರೆ ಅವಳ ಕೂದಲು ಪೊದೆಯಂತೆ ಎದ್ದು ನಿಲ್ಲುತ್ತಿತ್ತು. ಹಾಗಾಗಿ ಹಸಿ ಇರುವಾಗಲೇ ಹಣೆ ಎಳೆಯುವಷ್ಟು ಬಿಗಿಯಾಗಿ ಹೆಣೆದು ತುರುಬು ಕಟ್ಟುವುದು.

ಒಂದು ದಿನ ಓರಗಿತ್ತಿ ಮೆಟ್ಟಿಲಲ್ಲೇ ನಿಂತಳು. “ಅದೇನು ಮಾಡ್ತೀಯೋ, ನಂಗೂ ಹೇಳಿಕೊಡೇ.”

ನಮ್ಮಮ್ಮ ಚಿಕ್ಕಮ್ಮನ ಸ್ವಂತ ಅಕ್ಕ, ಆದರೆ ಕೂದಲು ತೆಳು. ಹುಡುಗಿಯಾಗಿದ್ದಾಗ ತಂಗಿಯನ್ನು ನೋಡಿ ಇದನ್ನೇ ಮಾಡಲು ಹೋಗಿ ಹಣೆಯ ಮೇಲಿನ ಕೂದಲನ್ನು ಶಾಶ್ವತವಾಗಿ ಕಳೆದುಕೊಂಡವಳು. ಇದು ನಮಗೆಲ್ಲ ಗೊತ್ತು, ಓರಗಿತ್ತಿಗೆ ಗೊತ್ತಿಲ್ಲ. ಚಿಕ್ಕಮ್ಮ ಎಣ್ಣೆಯಿಂದ ಹಿಡಿದು ತುರುಬಿನವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಒಂದಕ್ಷರ ಸುಳ್ಳಿಲ್ಲ. ಕೇಳುತ್ತಾ ಕೂತಿದ್ದ ನನಗೆ ಹೊಟ್ಟೆ ತಣ್ಣಗಾಯಿತು.

ನೋಡನೋಡುತ್ತಿದ್ದಂತೆ ಓರಗಿತ್ತಿಯ ಹಣೆ ಅಗಲವಾಗತೊಡಗಿತು.

“ಉದುರ್ತಿದೆಯಲ್ಲೇ, ಬಿಟ್ಟುಬಿಡ್ಲಾ?”

“ನಾನು ಒಂದು ವಾರನೂ ಬಿಟ್ಟವಳಲ್ಲ ಅಕ್ಕಾ.”

“ಜಡೆ ಸ್ವಲ್ಪ ಸಡಿಲ ಮಾಡ್ಲಾ?”

“ನಾನಂತೂ ಬಿಗಿಯಾಗೇ ಹಾಕೋದು.”

ಅದೂ ನಿಜವೇ. ಓರಗಿತ್ತಿ ಇನ್ನೂ ಬಿಗಿಯಾಗಿ ಹೆಣೆದುಕೊಂಡಳು. ಕೊನೆಗೆ ತಲೆಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಕಾಲಿಡದ ಹಾಗಾದಳು. ಚಿಕ್ಕಮ್ಮ ಆ ದಿನಗಳಲ್ಲಿ ಪಾತ್ರೆ ತೊಳೆಯುವಾಗಲೂ ಹಾಡು ಗುನುಗುತ್ತಿದ್ದಳು.

ಒಂದು ಮಧ್ಯಾಹ್ನ ನಾವಿಬ್ಬರೂ ಟೀ ಕುಡಿಯುತ್ತಿದ್ದಾಗ ಓರಗಿತ್ತಿಯ ಮಗಳು ಕುಣಿಯುತ್ತಾ ಬಂದು ಬೆನ್ನು ತಿರುಗಿಸಿ ನಿಂತಳು. “ಚಿಕ್ಕಮ್ಮಾ, ನೋಡಿ! ಅಮ್ಮನ ಥರ ನಾನೂ ಶುರು ಮಾಡಿದೀನಿ. ನಿಮ್ಮಷ್ಟೇ ದಪ್ಪ ಬೇಕು ನಂಗೆ.”

ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕಿವಿಯ ಮೇಲೆ ಚರ್ಮ ಕೆಂಪಗೆ ಎದ್ದು ನಿಂತಿತ್ತು. ಕೂದಲು ಅಮ್ಮನದೇ, ಅಷ್ಟೇ ತೆಳು. ಸುಮ್ಮನಿರು, ಇವಳಿಗೆ ಆಮೇಲೆ ಗುಟ್ಟಾಗಿ ಹೇಳಿದರಾಯಿತು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ಲೋಟ ಕೆಳಗಿಟ್ಟು ಹುಡುಗಿಯನ್ನು ಎಳೆದು ಕೂರಿಸಿ ಜಡೆ ಬಿಚ್ಚತೊಡಗಿದಳು. ಬೆರಳಿಗೆ ಕೂದಲು ಕಿತ್ತು ಬಂತು.

“ಇದು ನಿನಗಲ್ಲ ಮಗಳೇ. ತೆಳು ಕೂದಲಿಗೆ ಹೀಗೆ ಮಾಡಿದ್ರೆ ಬುಡಸಮೇತ ಹೋಗುತ್ತೆ, ಮತ್ತೆ ಬರಲ್ಲ. ಇವತ್ತೇ ನಿಲ್ಲಿಸು.”

“ನಂದೂ ತೆಳು ಕೂದಲೇ ಅಲ್ವೇನೇ?”

ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು.

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಚಿಕ್ಕಮ್ಮ ಸಿಕ್ಕು ಬಿಡಿಸುತ್ತಲೇ ತಲೆಯೆತ್ತಿದಳು.

“ಹೌದಕ್ಕಾ. ಗೊತ್ತಿದ್ದೇ ಹೇಳಿಕೊಟ್ಟೆ.”

ಹುಡುಗಿ ಚಿಕ್ಕಮ್ಮನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕೈಯಿಂದ ತನ್ನ ಕೂದಲನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದು, ಅಮ್ಮನ ಜೊತೆ ಮೇಲೆ ಹೋದಳು.