ಮರ್ಯಾದಸ್ಥರ ಕಸ

ಊರಿನ ಕಸ ಉರಿಸಿ, ಆ ಬಿಸಿಯಲ್ಲಿ ನೀರು ಕಾಯಿಸಿ, ಹಬೆಯಿಂದ ಕರೆಂಟು ತೆಗೆಯುತ್ತೇವೆಂದು ಹೊರಟ ಕಂಪನಿಯೊಂದರಲ್ಲಿ ನನಗೆ ಕೆಲಸ. ಯಾವ ಊರಿನ ಕಸ ಎಷ್ಟು ಉರಿಯುತ್ತದೆಂದು ಪರೀಕ್ಷಿಸಲು ಮನೆಮನೆಯಿಂದ ಸ್ಯಾಂಪಲ್ ತರಬೇಕು. ಕುಮಟಾ, ಹೊನ್ನಾವರ ಮುಗಿಸಿ ಭಟ್ಕಳದ ಬಂದರಿನ ಕೇರಿಗೆ ಹೋದೆ.

ಜಗಲಿಯಲ್ಲಿ ಒಬ್ಬ ಹೆಂಗಸು ಮೀನು ಕೊಯ್ಯುತ್ತಿದ್ದಳು. “ಇವತ್ತಿನ ಕಸ ಕೊಡಿ ಅಕ್ಕ, ಅದರಿಂದ ಕರೆಂಟು ಬರ್ತದಾ ಅಂತ ಪರೀಕ್ಷೆಗೆ” ಎಂದೆ.

“ಚೀಲ ಬಿಚ್ಚಿ ನೋಡ್ತ್ರಾ?”

“ನೋಡಲೇಬೇಕು.”

“ಹಂಗಾರೆ ಕೂತ್ಕಣಿ.”

ಪಕ್ಕದ ಬಕೆಟ್ಟಿನಲ್ಲಿ ಮೀನಿನ ತಲೆ, ಕರುಳು, ಕೊಳೆತ ಟೊಮೆಟೊ ತುಂಬಿದ್ದವು. ಅದನ್ನು ಸೆರಗಿನ ಮರೆಯಲ್ಲಿ ಹಿತ್ತಲಿಗೆ ಸಾಗಿಸಿದಳು. ತಿರುಗಿ ಬಂದಾಗ ಕೈಯಲ್ಲೊಂದು ಚೀಲ. ಒಳಗೆ ಗರಿಗರಿ ಒಣಗಿದ ತೆಂಗಿನ ಸಿಪ್ಪೆ, ಕರಟ, ಮಡಿಸಿಟ್ಟ ಪೇಪರು.

“ಇದಲ್ಲ ಅಕ್ಕ, ಆ ಬಕೆಟ್ಟಿನದು ಬೇಕಿತ್ತು.”

“ಎಂತ ಮಾತಾಡ್ತ್ರಿ? ಮನೆಗೆ ಬಂದೋರ ಕೈಗೆ ಮೀನಿನ ಹೊಲಸು ಕೊಡೂದಾ? ನಾಳೆ ನಮ್ ಮನೆ ಕಸ ನಾರ್ತದೆ ಅಂತ ಊರೆಲ್ಲ ಹೇಳ್ತ್ರಿ!”

ಅಷ್ಟರಲ್ಲಿ, ದೋಣಿಯಿಂದ ಬಂದಿದ್ದ ಅವಳ ಗಂಡ ಬಚ್ಚಲಿನಿಂದ ಕೂಗಿದ. “ನೀರೊಲೆಗೆ ಇಟ್ಟ ಸಿಪ್ಪೆ ಎಲ್ಲಿ ಹೋತೇ?”

“ಕರೆಂಟಿಗೆ ಹೋತು! ಇವತ್ತು ತಣ್ಣೀರೇ ಮಿಂದ್ಕಳಿ!”

ಸುದ್ದಿ ನನಗಿಂತ ಮುಂದೆ ಓಡಿತ್ತು. ಮುಂದಿನ ಮನೆಗಳಲ್ಲಿ ನಾನು ಬಾಗಿಲಿಗೆ ಹೋಗುವಷ್ಟರಲ್ಲೇ ಅಂಥದೇ ಚೀಲ ಸಿದ್ಧವಾಗಿತ್ತು.

ಪರೀಕ್ಷೆಯಾಯಿತು. ಭಟ್ಕಳದ ಕಸ ಕರ್ಪೂರದ ಹಾಗೆ ಉರಿಯುತ್ತದೆಂದು ನಮ್ಮ ಸಾಹೇಬರಿಗೆ ಖುಷಿಯೋ ಖುಷಿ. ಆ ದಿನ ಕೇರಿಯಲ್ಲಿ ಎಷ್ಟು ಗಂಡಸರು ತಣ್ಣೀರು ಮಿಂದರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.