ನಾಲ್ಕೆಂದು ಬರೆದುಕೊಟ್ಟ ಗ್ಯಾಲಕ್ಸಿಗಳು

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಹೆಗ್ಗಡದೇವನಕೋಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಅಲ್ಲಿನ ಲ್ಯಾಬ್ ಅಟೆಂಡರ್ ಕಾಡಂಚಿನ ಗಿರಿಜನ ಹಾಡಿಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಒಂದು ವರ್ಷ ಗಾಜು ಉಜ್ಜಿ, ಹನ್ನೆರಡು ಇಂಚಿನ ಕನ್ನಡಿ ಮಾಡಿ, ನಾವಿಬ್ಬರೂ ತಗಡಿನ ಕೊಳವೆಯ ದೂರದರ್ಶಕ ಕಟ್ಟಿದೆವು. ಉಜ್ಜಿದ್ದು ಹೆಚ್ಚಾಗಿ ಅವನೇ.

ಪೆಗಾಸಸ್ ನಕ್ಷತ್ರಪುಂಜದಲ್ಲಿ ಒತ್ತೊತ್ತಾಗಿ ಕೂತ ಗ್ಯಾಲಕ್ಸಿಗಳ ಪುಟ್ಟ ಗುಂಪೊಂದಿದೆ, ನಿಮಗೆ ಎಷ್ಟು ಕಾಣುತ್ತವೆ ಬರೆದು ಕಳಿಸಿ ಎಂದು ಬೆಂಗಳೂರಿನ ಹವ್ಯಾಸಿಗಳ ಕೂಟವೊಂದು ಕೇಳಿತ್ತು. ಕಾರ್ತಿಕದ ಅಮಾವಾಸ್ಯೆಯ ಸಂಜೆ, ಕತ್ತಲಾದ ಕೂಡಲೇ, ಅವನ ಹಾಡಿಯ ಪಕ್ಕದ ರಾಗಿ ಹೊಲದಲ್ಲಿ ದೂರದರ್ಶಕ ನಿಲ್ಲಿಸಿದೆವು. ನನಗೆ ಏನೂ ಕಾಣಲಿಲ್ಲ.

"ನೇರ ನೋಡಬ್ಯಾಡಿ ಮೇಷ್ಟ್ರೇ. ಕಣ್ಣು ವಸಿ ಪಕ್ಕಕ್ಕೆ ಬುಡಿ. ರಾತ್ರಿ ಆನೆ ಕಾಯೋವಾಗ ನಮ್ಮಪ್ಪ ಅಂಗೇ ಹೇಳ್ಕೊಟ್ಟಿದ್ದು," ಎಂದ.

ಹಾಗೆ ಮಾಡಿದಾಗ ಬೂದಿ ಚಿಟಿಕೆಯಂಥ ನಾಲ್ಕು ಮಸುಕುಗಳು ಕಂಡವು. ಆಮೇಲೆ ಅವನು ಕಣ್ಣಿಟ್ಟ. ಬಹಳ ಹೊತ್ತು ಅಲ್ಲಾಡಲಿಲ್ಲ.

"ಐದವೆ. ನಡುವಿಂದು ಒಂದಲ್ಲ, ಎರಡು. ಒಂದನ್ನೊಂದು ಎಳೀತಾವೆ."

"ನಾಲ್ಕೇ ಕಣಯ್ಯ," ಎಂದೆ. "ಅಷ್ಟೊತ್ತು ನೋಡಿದ್ರೆ ಇಲ್ಲದ್ದೂ ಕಾಣತ್ತೆ."

"ಅಂಗೇ ಬರ್ಕಳಿ," ಎಂದ. ನಾನು ನಾಲ್ಕು ಎಂದೇ ಬರೆದೆ. ಕೆಳಗೆ ಇಬ್ಬರ ಹೆಸರೂ ಹಾಕಿದೆ. ಅವನು ಸಹಿ ಮಾಡಿದ.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡ. ಹೊಳೆ ತುಂಬಿ ದಾರಿ ಕಟ್ಟಿತ್ತು. ನನಗೆ ಸುದ್ದಿ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಅದಾಗಿ ಕೆಲವು ತಿಂಗಳಿಗೆ ಬೆಂಗಳೂರಿನಿಂದ ಒಂದು ಲಕೋಟೆ ಬಂತು. ಒಳಗೆ ಅದೇ ಗುಂಪಿನ ಫೋಟೊ, ದೊಡ್ಡ ವೀಕ್ಷಣಾಲಯವೊಂದರಲ್ಲಿ ತೆಗೆದದ್ದು. ನಾನು ಒಂದು ಅಂದುಕೊಂಡಿದ್ದ ಕಡೆ ಎರಡಿದ್ದವು. ಒಂದರ ಬೆಳಕು ಇನ್ನೊಂದರೊಳಗೆ ಹರಿದು, ಬಾಲದಂತೆ ಹೊರಗೆ ಎಳೆದುಕೊಂಡಿತ್ತು.

ಫೋಟೊ ಹಿಡಿದು ಹಾಡಿಗೆ ಹೋದೆ. ಅವನ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಫೋಟೊ ಕೈಗೆ ಕೊಟ್ಟೆ. ಏನೆಂದು ನಾನು ಹೇಳುವ ಮೊದಲೇ ನಡುವೆ ಬೆರಳಿಟ್ಟಳು.

"ಇವೇನಾ ಮೇಷ್ಟ್ರೇ, ನಿಮಗೆ ಕಾಣ್ಲಿಲ್ಲ ಅಂತ ಅವ್ರು ಹೇಳ್ತಿದ್ದುದು?"

"ನನ್ನ ಮೇಲೆ ಬೇಜಾರು ಮಾಡ್ಕೊಂಡಿದ್ದನಾ?" ಎಂದು ಕೇಳಿದೆ.

"ಇಲ್ಲ ಬುಡಿ. ಮೇಷ್ಟ್ರಿಗೆ ಇನ್ನೊಂದ್ಸಲ ತೋರಿಸ್ಬೇಕು ಅಂತಿದ್ರು. ಜ್ವರದಾಗೂ ಅದೇ ಮಾತು."

ಬೆಂಗಳೂರಿಗೆ ತಿದ್ದುಪಡಿ ಬರೆದೆ: ಐದು, ಕಂಡದ್ದು ಅವನಿಗೆ ಮಾತ್ರ. ಅದಕ್ಕೆ ಉತ್ತರ ಬರಲಿಲ್ಲ.

ಅಲ್ಲಿಂದ ವರ್ಗವಾಗುವವರೆಗೂ ಪ್ರತಿ ಕಾರ್ತಿಕದಲ್ಲೂ ಅದೇ ಹೊಲಕ್ಕೆ ಹೋಗಿ ಆ ಗುಂಪನ್ನು ನೋಡಿದೆ. ಎರಡಿವೆ ಎಂದು ಗೊತ್ತಿದ್ದೂ ನನಗೆ ಒಂದೇ ಕಾಣುತ್ತಿತ್ತು. ಕಣ್ಣಿಟ್ಟ ಸ್ವಲ್ಪ ಹೊತ್ತಿಗೆ, ಬೆನ್ನ ಹಿಂದೆ ಯಾರೋ ತನ್ನ ಸರದಿಗೆ ಕಾದು ನಿಂತಿದ್ದಾರೆ ಅನಿಸುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ಎದ್ದು ಜಾಗ ಬಿಡುತ್ತಿದ್ದೆ.